ಶಾಂತಮ್ಮ ಟಚ್‌ಸ್ಕ್ರೀನ್ ಮುಟ್ಟಿದ್ದಕ್ಕೆ

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಶಹಾಪುರದ ಒಂದು ಕಚೇರಿಯಲ್ಲಿ, ಪಹಣಿ ನೋಡಲೆಂದು ಹೊಸದಾಗಿ ನಿಲ್ಲಿಸಿದ ಆಳೆತ್ತರದ ಟಚ್‌ಸ್ಕ್ರೀನಿನ ಸರದಿಯಲ್ಲಿ ನಿಂತಿದ್ದೆ. ನನ್ನ ಮುಂದಿದ್ದವರು ಶಿರವಾಳದ ಶಾಂತಮ್ಮ. ರೇಷನ್ ಅಂಗಡಿಯಲ್ಲಿ ಒತ್ತುವ ಹಾಗೆಯೇ ಹೆಬ್ಬೆಟ್ಟನ್ನು ಪರದೆಗೆ ಬಲವಾಗಿ ಒತ್ತಿ ಹಿಡಿದರು. ಏನೂ ಆಗಲಿಲ್ಲ.

ಅಷ್ಟರಲ್ಲಿ ಕಚೇರಿಯ ಸಿಬ್ಬಂದಿಯೊಬ್ಬ ಕುರ್ಚಿಯಿಂದಲೇ ಕೂಗಿದ: "ಏಯ್, ಕೈ ತಗಿ! ಒಡದ್ರ ಯಾರು ಜವಾಬ್ದಾರಿ?"

ಶಾಂತಮ್ಮ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಹೆಂಗ ಮುಟ್ಟಬೇಕಂತ ಒಮ್ಮ್ಯರ ಹೇಳಿಕೊಟ್ಟೀರೇನ್ರಿ?" ಎಂದೆ.

"ಅದರಾಗ ಹೇಳೂದೇನದರಿ? ಎಲ್ಲಾರಿಗೂ ಗೊತ್ತದ" ಎಂದ.

ನಾನು ಶಾಂತಮ್ಮನ ಕಡೆ ತಿರುಗಿದೆ. "ಅಕ್ಕಾ, ಒತ್ತಬ್ಯಾಡ್ರಿ. ರೊಟ್ಟಿ ಮ್ಯಾಲ ನೀರು ಸವರ್ತೀರಲ್ಲ, ಹಂಗ ಮೆತ್ತಗ ಬೆರಳು ಮ್ಯಾಲಕ್ಕ ಎಳೀರಿ."

ಅಂಜುತ್ತಲೇ ಎಳೆದರು. ಊರುಗಳ ಪಟ್ಟಿ ಸರ್ರನೆ ಮೇಲೆ ಸರಿಯಿತು.

"ಯವ್ವಾ, ನಮ್ಮೂರು ಬಂತ್ ನೋಡ್ರಿ!" ಎಂದು ನಕ್ಕರು. ಆಮೇಲೆ ನನ್ನ ಹಿಂದಿದ್ದ ಮುದುಕಿಗೂ ತಾವೇ ಕಲಿಸಿದರು.

ನಾನು ಹೊರಡುವಷ್ಟರಲ್ಲಿ ಆ ಮಹಾಶಯ ಪರದೆಗೆ ಚೀಟಿ ಅಂಟಿಸಿಬಿಟ್ಟಿದ್ದ: 'ಸಾರ್ವಜನಿಕರು ಮುಟ್ಟಬಾರದು.'

ಇನ್ನು ಮೇಲೆ ದೂರ ನಿಂತು ಕೈ ಮುಗಿದರೆ ಪಹಣಿ ಬರುತ್ತದೋ ಏನೋ!