ಹುಡುಗರನ್ನು ಕಳಿಸಿಕೊಡಿ

ಮೇಜಿನ ಫ್ಯಾನು ಕಿರ್ರೆನ್ನುತ್ತಿತ್ತು ಅಂತ ನಿನ್ನೆ ಅದಕ್ಕೆ ಎರಡು ತೊಟ್ಟು ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟೆ. ಆ ವಾಸನೆ ಮೂಗಿಗೆ ಬಡಿದರೆ ಗಿರಿಜಾ ನೆನಪಾಗುತ್ತಾಳೆ; ಅವಳು ನೆನಪಾದ ದಿನ ನನಗೆ ಊಟ ರುಚಿಸುವುದಿಲ್ಲ. ಹೇಳಿಬಿಡುತ್ತೇನೆ ಕೇಳಿ, ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಕನ್ನಡ ಪಂಡಿತೆ. ಸಾಮಾನ್ಯ ಪಂಡಿತೆಯಲ್ಲ ಮತ್ತೆ! ಮದುವೆಯ ಕರೆಯೋಲೆ ಬಂದರೂ ಮೊದಲು ಕಾಗುಣಿತ ತಿದ್ದಿ, ಆಮೇಲೆ ಮದುವೆ ಯಾರದು ಅಂತ ನೋಡುವವಳು. ಗಿರಿಜಾ ಹತ್ತನೆಯ ತರಗತಿಯಲ್ಲಿದ್ದಳು. ಸಂಧಿ ಸಮಾಸ ಅವಳ ತಲೆಗೆ ಹತ್ತುತ್ತಿರಲಿಲ್ಲ. ಆದರೆ ನೋಟ್‌ಬುಕ್ಕುಗಳನ್ನು ತಲುಪಿಸಲು ಮನೆಗೆ ಬಂದವಳು, ಮೂಲೆಯಲ್ಲಿ ಕೆಟ್ಟು ಕೂತಿದ್ದ ಇದೇ ಫ್ಯಾನನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ತಿರುಗಿಸಿಯೇಬಿಟ್ಟಳು. "ಇದಕ್ಕೇನೂ ಆಗಿಲ್ಲ ಮಿಸ್, ಧೂಳು ಕುಡಿದು ಕೂತಿತ್ತು ಅಷ್ಟೆ" ಅಂದಳು.

ಪರೀಕ್ಷೆ ಮುಗಿದ ಕೂಡಲೇ ಅವಳ ಮದುವೆ ಮಾಡುವ ಆತುರ ಅವಳಪ್ಪನಿಗೆ. ನಾನು ಬೇಡವೆಂದದ್ದಕ್ಕೆ, "ಓದಿ ಏನ್ ಮಾಡ್ತಾಳೆ ಮೇಡಂ? ಇವಳಿಗೆ ಇಂಥಾ ಕಡೆ ಕೆಲಸ ಸಿಗತ್ತೆ ಅಂತ ತೋರ್ಸಿ, ಮುಂದಕ್ಕೂ ಓದಿಸ್ತೀನಿ" ಎಂದಿದ್ದರು.

ಅಷ್ಟರಲ್ಲಿ ಶಾಲೆಗೆ ಕಾಗದವೊಂದು ಬಂತು. ಹಾವೇರಿ ಕಡೆಯಿಂದ ಬಂದು ನಮ್ಮ ಶಾಲೆಯ ಹತ್ತಿರದಲ್ಲೇ ಕಬ್ಬಿಣ ಕಡೆಯುವ ಸಣ್ಣ ಲೇತ್ ಕಾರ್ಖಾನೆ ಇಟ್ಟಿದ್ದ ಬಸಪ್ಪನವರು ಬರೆದದ್ದು: "ದಸರಾ ರಜೆಯಲ್ಲಿ ಹತ್ತನೆಯ ತರಗತಿಯ ಆರು ಹುಡುಗರನ್ನು ಕಳಿಸಿಕೊಡಿ. ಕೆಲಸ ಎಂದರೇನೆಂದು ಕಣ್ಣಾರೆ ನೋಡಲಿ, ಕೈಯಾರೆ ಮಾಡಲಿ. ಮನಸ್ಸಿಟ್ಟು ಕಲಿತವರಿಗೆ ಮುಂದೆ ನಾನೇ ಕೆಲಸ ಕೊಡುತ್ತೇನೆ."

ಪಟ್ಟಿ ಮಾಡುವ ಕೆಲಸವನ್ನು ಹೆಡ್‌ಮಾಸ್ಟರು ನನ್ನ ತಲೆಗೆ ಕಟ್ಟಿದರು. ಗಿರಿಜಾ ಓಡಿ ಬಂದಳು.

"ಮಿಸ್, ನನ್ ಹೆಸರೂ ಬರ್ಕೊಳ್ಳಿ."

"ಕಾಗದ ನೋಡೇ. ಹುಡುಗರನ್ನ ಅಂತಿದೆ. ಹುಡುಗರು ಯಾವ ಲಿಂಗ?"

"ಪುಲ್ಲಿಂಗ, ಮಿಸ್."

"ನೋಡು, ವ್ಯಾಕರಣ ಬರಲ್ಲ ಅಂತಿದ್ದೆ. ಬಂತಲ್ಲ!"

ತರಗತಿಯೆಲ್ಲ ನಕ್ಕಿತು. ಅವಳೂ ನಕ್ಕಳು. ಆಮೇಲೆ ಮೆಲ್ಲಗೆ, "ಒಂದ್ಸಲ ಅವರನ್ನ ಕೇಳಿ ನೋಡ್ತೀರಾ ಮಿಸ್?" ಅಂದಳು. ನೋಡೋಣ ಎಂದೆ. ಕಾರ್ಖಾನೆಗೆ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ. ಆರು ಗಂಡುಹುಡುಗರ ಹೆಸರು ಬರೆದು, ಕೆಳಗೆ ದುಂಡಗೆ ಸಹಿ ಹಾಕಿ ಕಳಿಸಿದೆ.

ಬೇಸಿಗೆಯಲ್ಲಿ ಗಿರಿಜಾಳ ಮದುವೆ. ನಾನೂ ಹೋಗಿ ಹೋಳಿಗೆ ಊಟ ಮಾಡಿ ಬಂದೆ. ರಜೆ ಮುಗಿದು ಶಾಲೆ ತೆರೆದ ವಾರವೇ ಬಸಪ್ಪನವರು ಮುಂದಿನ ವರ್ಷದ ಪಟ್ಟಿ ಕೇಳಲು ಶಾಲೆಗೆ ಬಂದರು.

"ಆರೂ ಮಂದಿ ಚಲೋ ಕಲತ್ರು. ಆದ್ರ ಟೀಚರ್, ಹೆಣ್ಮಕ್ಕಳನ್ನ ಒಬ್ಬರನ್ನೂ ಯಾಕ ಕಳಸಲಿಲ್ರೀ?"

"ಹುಡುಗರು ಅಂತ ನೀವೇ ಬರೆದಿದ್ರಲ್ಲ?"

"ಅಯ್ಯ, ನಮ್ಮ ಕಡೆ ಹುಡುಗ್ರು ಅಂದ್ರ ಗಂಡೂ ಬಂತು, ಹೆಣ್ಣೂ ಬಂತು. ನನಗ ಮೂರು ಹುಡುಗ್ರು, ಮೂರೂ ಹೆಣ್ಣು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕನ್ನಡ ಪಂಡಿತೆಗೆ ಕನ್ನಡವೇ ಕೈಕೊಟ್ಟಿತು ಅಂತ ಎಷ್ಟೋ ವರ್ಷ ಇದನ್ನು ತಮಾಷೆಯಾಗಿ ಹೇಳಿಕೊಂಡು ತಿರುಗಿದೆ. ಪಾಪ, ಕನ್ನಡ ಏನು ಮಾಡೀತು? ಒಂದ್ಸಲ ಕೇಳಿ ನೋಡಿ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು. ಹತ್ತು ನಿಮಿಷ ನಡೆಯಲು ನನಗೆ ಸೋಮಾರಿತನ. ಅವಳು ಮತ್ತೆಂದೂ ನನಗೆ ಸಿಗಲಿಲ್ಲ.

ನಿನ್ನೆ ಎಣ್ಣೆ ಕೈ ಒರೆಸಿಕೊಂಡು, ಫ್ಯಾನಿಗೊಂದು ಸ್ಕ್ರೂ ಬೇಕೆಂದು ಇಲ್ಲೇ ಬಸವೇಶ್ವರನಗರದ ರಿಪೇರಿ ಅಂಗಡಿಗೆ ಹೋದೆ. ಬಾಗಿಲಲ್ಲಿ ಬೋರ್ಡು: "ಕೆಲಸ ಕಲಿಯಲು ಹುಡುಗರು ಬೇಕಾಗಿದ್ದಾರೆ." ಕಾಲು ಅಲ್ಲೇ ನಿಂತುಬಿಟ್ಟಿತು.

"ಏನಪ್ಪಾ, ಹೆಣ್ಣುಮಕ್ಕಳು ಬಂದ್ರೆ ಸೇರಿಸ್ಕೋತೀಯಾ?" ಕೊನೆಗೂ ಕೇಳಿದೆ.

"ಬರ್ಲಿ ಬಿಡಿ ಅಮ್ಮ, ಕೆಲಸದಲ್ಲಿ ಆಸಕ್ತಿ ಇದ್ರೆ ಆಯ್ತು. ಯಾರಿಗೆ? ಹೆಸರು ಹೇಳಿ, ಬರ್ಕೋತೀನಿ."

"ಗಿರಿಜಾ" ಎಂದುಬಿಟ್ಟೆ. "ಹತ್ತನೇ ಕ್ಲಾಸು."

ಅವಳಿಗೀಗ ಅರವತ್ತು ದಾಟಿರಬೇಕು.