ಹಿಡಿದುಕೊಳ್ಳುವವರ ಕೆಲಸ

ಆ ದಿನ ಹೊಗೆಸೊಪ್ಪಿನ ಬ್ಯಾರನ್ ಮುಂದೆ ಯಾರ್ಯಾರಿದ್ದಿರಿ ಎಂದು ಪೊಲೀಸರು ಕೇಳಿದಾಗ ನಮ್ಮೂರಿನಲ್ಲಿ ಯಾರೂ ಇರಲಿಲ್ಲ. ಒಬ್ಬ ಸಂತೆಗೆ ಹೋಗಿದ್ದ, ಇನ್ನೊಬ್ಬ ಎತ್ತಿಗೆ ನೀರು ಕುಡಿಸುತ್ತಿದ್ದ, ನಾನು ಹೊಲದಲ್ಲಿದ್ದೆ. ಇಷ್ಟು ವರ್ಷವಾದ ಮೇಲೆ ಈಗ ಇದ್ದವರನ್ನು ಇದ್ದ ಹಾಗೆ ಹೇಳುತ್ತೇನೆ. ಮಚ್ಚು ಹಿಡಿದು ಬಂದ ನಮ್ಮ ಚಿಕ್ಕಪ್ಪ ಇದ್ದರು. ಒಲೆಯ ಬಾಯಿಗೆ ಸೌದೆ ತುರುಕುತ್ತಿದ್ದ ದೊಡ್ಡಪ್ಪ ಇದ್ದರು. ಇವರು ಅಪ್ಪನಿಗೂ ಚಿಕ್ಕಪ್ಪನಿಗೂ ದಾಯಾದಿ ಅಣ್ಣ. ದೊಡ್ಡಪ್ಪನ ಹಿರಿಮಗ ಇದ್ದ. ಕೆ.ಆರ್. ನಗರದಿಂದ ಬಂದಿದ್ದ ದೊಡ್ಡಪ್ಪನ ಅಳಿಯ, ನನಗೆ ಭಾವ, ಇದ್ದರು. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತ ಏಳೆಂಟು ಹೆಂಗಸರು, ಪಕ್ಕದ ಮನೆಯ ಗಾರೆ ಕೆಲಸದ ಅಣ್ಣ, ಜಗಲಿಯ ಮೇಲೆ ಎಲೆಯಡಿಕೆ ಕುಟ್ಟುತ್ತಿದ್ದ ನಮ್ಮಜ್ಜಿ ಇದ್ದರು. ಚಿಕ್ಕಪ್ಪನ ಎಡತೋಳು ಹಿಡಿದುಕೊಂಡು ನಾನೂ ಇದ್ದೆ.

ನಮ್ಮೂರು ಪಿರಿಯಾಪಟ್ಟಣದ ಆಚೆ, ಕೊಡಗಿನ ಕಡೆಗೆ. ಸೊಪ್ಪು ಬೇಯಿಸಲು, ಅಂದರೆ ಬೆಂಕಿಯ ಕಾವಿನಲ್ಲಿ ಒಣಗಿಸಲು, ನಮ್ಮವರಿಗೆ ಇದ್ದದ್ದು ಒಂದೇ ಬ್ಯಾರನ್, ಪಾಲುದಾರ ಮನೆಗಳು ಎರಡು. ಒಂದು ಸಲ ಕಡ್ಡಿ ಏರಿಸಿ ಬಾಗಿಲು ಮುಚ್ಚಿದರೆ ಐದಾರು ದಿನ ಹಗಲೂ ರಾತ್ರಿ ಒಲೆ ಉರಿಯಬೇಕು. ಒಂದು ಸರದಿ ದೊಡ್ಡಪ್ಪನದು, ಮುಂದಿನದು ಚಿಕ್ಕಪ್ಪನದು. ಸರದಿ ಎಂದ ಮೇಲೆ ಜಗಳ ಇದ್ದದ್ದೇ. ಪ್ರತಿ ವರ್ಷವೂ ಆಗುತ್ತಿತ್ತು, ಮಳೆ ಆದ ಹಾಗೆ.

ಆ ಜಗಳಕ್ಕೊಂದು ಕ್ರಮವಿತ್ತು. ಚಿಕ್ಕಪ್ಪ ಮೊದಲು ಹೆಗಲ ಟವೆಲನ್ನು ತಲೆಗೆ ಸುತ್ತುತ್ತಿದ್ದರು. ಆಮೇಲೆ ಮನೆಯೊಳಕ್ಕೆ ಕೂಗು: "ತತ್ತಾರೇ ಮಚ್ಚ!" ಒಳಗಿನಿಂದ ಚಿಕ್ಕಮ್ಮ, "ಎಲ್ಲಿಟ್ಟಿದೀರೋ ಏನೋ, ಕಾಣ್ನಿಲ್ಲ ಕಣ್ರೀ" ಎಂದು ಸ್ವಲ್ಪ ಹೊತ್ತು ಹುಡುಕುತ್ತಿದ್ದರು. ಅಷ್ಟರಲ್ಲಿ ಅಕ್ಕಪಕ್ಕದವರು ಬಂದು ಸೇರುತ್ತಿದ್ದರು. ಜನ ಸೇರಿದ ಮೇಲೆ ಮಚ್ಚು ಸಿಗುತ್ತಿತ್ತು.

"ಬುಡ್ರೋ! ಬುಡ್ರೋ ನನ್ನ! ಇವತ್ ಒಂದ್ ಎಣ ಬೀಳ್ದಿದ್ರೆ ನಮ್ಮಪ್ಪನಿಗ್ ಉಟ್ಟಿಲ್ಲ ನಾನು!"

"ಬಾರ್ಲಾ ಬಾ! ನಿನ್ ಮಚ್ಚಲ್ಲಿ ಈರುಳ್ಳೀನೂ ಎಚ್ಚಾಕಾಗಾಕಿಲ್ಲ!" ಎಂದು ಆ ಕಡೆಯಿಂದ ದೊಡ್ಡಪ್ಪ. ಅವರನ್ನೂ ಇಬ್ಬರು ಹಿಡಿದಿರುತ್ತಿದ್ದರು.

ಇದು ಬರೀ ಆಟ ಎಂದುಕೊಳ್ಳಬೇಡಿ. ರಕ್ತವೂ ಬರುತ್ತಿತ್ತು, ಆದರೆ ಹೆಚ್ಚಾಗಿ ಹಿಡಿದುಕೊಂಡವರದು. ದೊಡ್ಡಪ್ಪ ಎಸೆದ ಕಲ್ಲು ಒಂದು ವರ್ಷ ನಮ್ಮಪ್ಪನ ಹುಬ್ಬಿಗೆ ಬಿದ್ದು ಮೂರು ಹೊಲಿಗೆ ಹಾಕಿಸಬೇಕಾಯಿತು. ಗಾರೆಯಣ್ಣನ ಮುಂಗೈಯಲ್ಲಿ ಚಿಕ್ಕಪ್ಪ ಕಚ್ಚಿದ ಹಲ್ಲಿನ ಗುರುತು ಉಳಿದೇಬಿಟ್ಟಿತ್ತು. ಅಪ್ಪನಿಗೆ ಬೆನ್ನುನೋವು ಹಿಡಿದ ಮೇಲೆ ಎಡತೋಳಿನ ಕೆಲಸ ನನಗೆ ಬಂತು. ಆಗ ನನಗೆ ಇಪ್ಪತ್ತಮೂರು, ಮದುವೆಗೆ ಹೆಣ್ಣು ನೋಡುತ್ತಿದ್ದರು.

ಹಿಡಿಯುವುದನ್ನು ಕಲಿಸಿದವರು ಅಜ್ಜಿ. "ಮಣಿಕಟ್ಟ ಇಡೀಬ್ಯಾಡ ಕಣಪ್ಪ, ನೋವಾದ್ರೆ ನಿಜವಾದ ಕ್ವಾಪ ಬಂದ್ಬುಡ್ತದೆ. ಮೊಣಕೈ ಮ್ಯಾಲ್ಗಡೆ ಇಡ್ಕೊ. ಅವ್ನು ಎಷ್ಟ್ ಎಳೀತಾನೋ ನೀನೂ ಅಷ್ಟೇ ಎಳಿ. ಜಾಸ್ತಿ ಎಳುದ್ರೆ ಅವ್ನಿಗ್ ಅವಮಾನ."

"ಕಮ್ಮಿ ಎಳುದ್ರೆ?" ಎಂದು ನಾನು ನಕ್ಕೆ.

"ನಗಬ್ಯಾಡ. ಇಬ್ರು ಬೈದಾಡುದ್ರೆ ಅದೇನ್ ಜಗಳ್ವಾ? ಇಡ್ಕಳಾಕೆ ನಾಕ್ ಜನ ಇದ್ರೆ ಜಗಳ. ಇಲ್ದಿದ್ರೆ ಅದು ಕೊಲೆ."

ತೋಳು ಹಿಡಿದವನಿಗೆ ಮನುಷ್ಯ ಬೇರೆಯೇ ಥರ ಗೊತ್ತಾಗುತ್ತಾನೆ. ಹೆಂಗಸರು "ಅಯ್ಯೋ, ಬ್ಯಾಡ ಕಣಣ್ಣೋ" ಎಂದಷ್ಟೂ ಚಿಕ್ಕಪ್ಪನ ಸ್ನಾಯು ಬಿಗಿಯುತ್ತಿತ್ತು. ಜನ ಅತ್ತಿತ್ತ ನೋಡತೊಡಗಿದರೆ ತಾನಾಗಿ ಸಡಿಲವಾಗುತ್ತಿತ್ತು. ಆಗ ಯಾರಾದರೂ "ಓಗ್ಲಿ ಬುಡಿ, ದೊಡ್ಡೋರು" ಎನ್ನಬೇಕು. ಅವರು ಮಚ್ಚನ್ನು ನೆಲಕ್ಕೆಸೆದು "ನಿಮ್ ಮುಖ ನೋಡಿ ಬುಟ್ಟಿದೀನಿ" ಎನ್ನುತ್ತಿದ್ದರು. ಎರಡು ಮನೆಯವರೂ ಅನ್ನ ಉಣ್ಣಲು ಹೋಗುತ್ತಿದ್ದರು.

ಇದನ್ನು ಕೆಡಿಸಿದವನು ನಾನೇ.

ಸೊಪ್ಪು ಮುರಿಯಲು ಇನ್ನೂ ಹದಿನೈದು ದಿನವಿತ್ತು. ಟೀ ಅಂಗಡಿಯಲ್ಲಿ ಭಾವ ಬಂದು ಕೂತಿದ್ದರು. ಕೆ.ಆರ್. ನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಅವರ ಮಾತನ್ನು ನಮ್ಮವರು ಕಿವಿಗೊಟ್ಟು ಕೇಳುತ್ತಿದ್ದರು. ನನಗೋ ನಾಲ್ಕು ಜನ ನಕ್ಕರೆ ಹೊಟ್ಟೆ ತುಂಬುತ್ತಿತ್ತು. ಹಿಂದಿನ ವರ್ಷದ ಒಂದು ಸಂಗತಿಯನ್ನು ಬಣ್ಣ ಕಟ್ಟಿ ಹೇಳಿದೆ. ಅದೊಂದು ಸಂತೆಯ ದಿನ, ಬೀದಿಯೆಲ್ಲ ಖಾಲಿ. ಚಿಕ್ಕಪ್ಪ ಟವೆಲು ಸುತ್ತಿ, ಮಚ್ಚು ತೆಗೆದುಕೊಂಡು ಹೊಸಿಲು ದಾಟಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ನನ್ನನ್ನು ಕರೆದು ಮೆಲ್ಲಗೆ ಕೇಳಿದರು: "ಯಾರೂ ಇಲ್ವೇನ್ಲಾ?" ಇಲ್ಲ ಎಂದೆ. ಒಳಗೆ ಹೋಗಿ ಮಲಗಿಬಿಟ್ಟರು.

ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಭಾವ ಮಾತ್ರ ನಗಲಿಲ್ಲ.

"ಅಂಗಾದ್ರೆ ಅವ್ರ ಕೋಪ ಇರೋದು ಅವ್ರ ತಲೇಲಲ್ಲ ಕಣ್ರಯ್ಯ, ನಿಮ್ ಕೈಲಿ. ನೀವ್ ಇಡ್ಕೊಳ್ತೀರಿ, ಅವ್ರು ಎಗರ್ತಾರೆ. ಒಂದ್ಸಲ ಕೈ ಬುಟ್ ನೋಡಿ, ಮಚ್ಚು ತಾನಾಗೇ ಮನೆಗೋಯ್ತದೆ."

"ಅದೂ ದಿಟವೇ" ಎಂದು ಗಾರೆಯಣ್ಣ ಮುಂಗೈ ಸವರಿಕೊಂಡ. "ಕಚ್ಚಿಸ್ಕಂಡಿದ್ದೇ ಬಂತು ನಂಗೆ."

ಎರಡನೇ ಟೀ ಬರುವಷ್ಟರಲ್ಲಿ ಎಲ್ಲರೂ ಒಪ್ಪಿದ್ದೆವು. ಭಾವನ ಮಾತು ಅಂದು ಬುದ್ಧಿವಂತಿಕೆಯ ಮಾತಾಗಿಯೇ ಕಂಡಿತು. ಇವತ್ತಿಗೂ ಅದರಲ್ಲಿ ತಪ್ಪೆಲ್ಲಿ ಎಂದು ಬೆರಳಿಟ್ಟು ತೋರಿಸಲು ನನಗೆ ಬರುವುದಿಲ್ಲ.

ನನ್ನ ಕತೆ ಊರು ಸುತ್ತಿತು. ನಲ್ಲಿಯ ಹತ್ತಿರ ಹೆಂಗಸರು ಕೊಡ ಇಟ್ಟು ಅತ್ತಿತ್ತ ನೋಡಿ "ಯಾರೂ ಇಲ್ವೇನ್ಲಾ?" ಎನ್ನುವುದು, ನಗುವುದು. ಚಿಕ್ಕಪ್ಪ ಟೀ ಅಂಗಡಿ ದಾಟಿ ಹೋಗುವಾಗ ಹಿಂದಿನಿಂದ ಯಾರೋ ಅದನ್ನೇ ಅಂದರಂತೆ. ತಿರುಗಿದರೆ ಎಲ್ಲರೂ ಪೇಪರು ಓದುತ್ತಿದ್ದಾರೆ. ಆ ಸಂಜೆ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಅವರು ಚಿಕ್ಕಮ್ಮನ ಕೆನ್ನೆಗೆ ಹೊಡೆದರು. ತುಟಿ ಒಡೆದು ಸೆರಗೆಲ್ಲ ರಕ್ತ. ಮದುವೆಯಾಗಿ ಹದಿನೆಂಟು ವರ್ಷದಲ್ಲಿ ಒಂದು ದಿನವೂ ಕೈ ಎತ್ತಿದವರಲ್ಲ. ಏನಾಯಿತು ಇವರಿಗೆ ಎಂದು ನಾವೆಲ್ಲ ಆಶ್ಚರ್ಯಪಟ್ಟೆವು.

ಬ್ಯಾರನ್ ಸರದಿ ಬಂತು. ಮಳೆಗೆ ಸೌದೆ ನೆನೆದು ಬೆಂಕಿ ಸಾಲದೆ ದೊಡ್ಡಪ್ಪನ ಸೊಪ್ಪು ಇನ್ನೂ ಒಣಗಿರಲಿಲ್ಲ. ಒಂದು ದಿನ ತಡವಾಯಿತು, ಎರಡನೆಯದೂ ಆಯಿತು. ಇತ್ತ ಚಿಕ್ಕಪ್ಪನ ಸೊಪ್ಪು ಮುರಿದು ರಾಶಿ ಬಿದ್ದಿತ್ತು. ಹಸಿ ಸೊಪ್ಪು ರಾಶಿಯಲ್ಲಿ ಒಳಗೊಳಗೇ ಬಿಸಿಯೇರುತ್ತದೆ. ಕಪ್ಪಾದರೆ ಹರಾಜಿನಲ್ಲಿ ಮೂಸಿ ನೋಡುವವರೂ ಇಲ್ಲ. ಚಿಕ್ಕಪ್ಪ ರಾಶಿಯೊಳಕ್ಕೆ ಕೈ ಹಾಕಿ, ತೆಗೆದು, ಅಂಗೈ ನೋಡಿಕೊಂಡರು. ಎದ್ದು ಒಳಗೆ ಹೋದರು. ಚಿಕ್ಕಮ್ಮನನ್ನು ಕೂಗಲಿಲ್ಲ. ಟವೆಲು ಸುತ್ತಲಿಲ್ಲ. ಮಚ್ಚನ್ನು ತಾವೇ ತೆಗೆದುಕೊಂಡು ಬಂದರು.

ಓಡಿಹೋಗಿ ಎಡತೋಳು ಹಿಡಿದೆ. ಗಾರೆಯಣ್ಣ ಹಿಂದಿನಿಂದ ಸೊಂಟ ತಬ್ಬಿದ. ಮಾಮೂಲಿ ಕೂಗು ಶುರುವಾಯಿತು, "ಬುಡ್ರೋ! ಬುಡ್ರೋ ನನ್ನ!" ದೊಡ್ಡಪ್ಪ ಒಲೆಯ ಬಾಯಿಯಿಂದ ಎದ್ದು ನಿಂತರು. "ಸೌದೆ ಅಸಿ ಇದ್ರೆ ನಾನೇನ್ಲಾ ಮಾಡ್ಲಿ? ನನ್ನೇ ಆಕ್ಬುಡು ಒಲೆಗೆ!"

ಆಗ ಭಾವ ಕೈ ಎತ್ತಿ ಹೇಳಿದರು: "ಬುಡ್ರಯ್ಯ, ಬುಡಿ. ಅದೇನ್ ಕಡೀತಾರೋ ಕಡೀಲಿ, ನಾವೂ ಒಂದ್ಸಲ ನೋಡವ."

ಸೊಂಟದ ಹಿಡಿತ ಸಡಿಲವಾದದ್ದು ನನಗೆ ಗೊತ್ತಾಯಿತು. ಗಾರೆಯಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ ಹಿಂದೆ ಸರಿದ. ಅವನು ಬಿಟ್ಟ ಮೇಲೆ ನಾನೊಬ್ಬ ಯಾಕೆ ಹಿಡಿದಿರಲಿ ಅನ್ನಿಸಿತು. ಬಿಟ್ಟೆ.

ಚಿಕ್ಕಪ್ಪ ನಿಂತಲ್ಲೇ ಇದ್ದರು. ಇನ್ನೂ ಎರಡು ಸಲ ಕೂಗಿದರು, "ಬುಡ್ರೋ ನನ್ನ! ಬುಡ್ರೋ!" ಎಂದು. ಮೈಮೇಲೆ ಒಂದು ಕೈಯೂ ಇರಲಿಲ್ಲ.

"ಬುಟ್ಟವ್ರೆ ಕಣಪ್ಪೋ!" ಎಂದಳು ಸೊಪ್ಪು ಕಟ್ಟುತ್ತಿದ್ದವಳೊಬ್ಬಳು.

ನಗು ಎಂದರೆ ಅಂಥ ನಗು. ನಾನೂ ನಕ್ಕೆ. ಚಿಕ್ಕಪ್ಪ ತಮ್ಮ ಎಡತೋಳು ನೋಡಿಕೊಂಡರು, ಆಮೇಲೆ ನನ್ನನ್ನು ನೋಡಿದರು. ಮೂರೇ ಹೆಜ್ಜೆ ನಡೆದರು, ಓಡಲೂ ಇಲ್ಲ. ದೊಡ್ಡಪ್ಪ ಬಲಗೈಯನ್ನು ಮುಖಕ್ಕೆ ಅಡ್ಡ ಹಿಡಿದರು. ಹಸಿ ಸೌದೆಗೆ ಏಟು ಬಿದ್ದ ಹಾಗೆ ಶಬ್ದವಾಯಿತು. ಮೊಣಕೈ ಕೆಳಗಿನ ಮಾಂಸ ಬಾಯಿ ತೆರೆದು, ಒಂದು ಗಳಿಗೆ ಬಿಳಿ ಮೂಳೆ ಕಂಡು, ರಕ್ತ ಉಕ್ಕಿತು. ಎರಡನೆಯ ಏಟನ್ನು ಹೆಗಲಿಗೆ ಬೀಸಿದರು. ದೊಡ್ಡಪ್ಪ ಕುಸಿದುಬಿದ್ದಿದ್ದರಿಂದ ಮಚ್ಚು ಬ್ಯಾರನ್ ಬಾಗಿಲಿನ ಚೌಕಟ್ಟಿಗೆ ಕಚ್ಚಿಕೊಂಡಿತು. ಚಿಕ್ಕಪ್ಪ ಅದನ್ನು ಕೀಳಲು ಹೆಣಗುತ್ತಿದ್ದರು. ಕಿತ್ತಿದ್ದರೆ ಮೂರನೆಯದೂ ಬೀಳುತ್ತಿತ್ತು.

ದೊಡ್ಡಪ್ಪನ ಹಿರಿಮಗ ಸೌದೆಯ ತುಂಡೊಂದನ್ನು ಎತ್ತಿ ಚಿಕ್ಕಪ್ಪನ ಬೆನ್ನಿಗೆ ಬಾರಿಸಿದ. ಮೊದಲ ಏಟು ಬಿದ್ದದ್ದೇ ತಡ, ಎಲ್ಲರಿಗೂ ಕೈ ಬಂತು. ಭಾವ ಹೊಟ್ಟೆಗೆ ಒದ್ದರು. ಕಣ್ಣು ಮಿಟುಕಿಸಿದ್ದ ಗಾರೆಯಣ್ಣ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ. ಹೆಂಗಸರು ಸೊಪ್ಪಿನ ಕಡ್ಡಿಯಲ್ಲೇ ಹೊಡೆದರು. ಗೋಡೆಯ ಸುಣ್ಣದ ಮೇಲೆ ಕೆಂಪು ಅಂಟಿತು. ಚಿಕ್ಕಪ್ಪ ಕೈ ಅಡ್ಡ ಹಿಡಿಯಲಿಲ್ಲ, ಕೂಗಲೂ ಇಲ್ಲ. ನಾನು ಸುಮ್ಮನೆ ನಿಂತಿದ್ದೆ. ಹಿರಿಮಗ ತಿರುಗಿ ಕೇಳಿದ: "ನೀನ್ ಅವನ್ ಕಡೆಯೇನ್ಲಾ?"

ಆ ಮಾತಿಗೆ ನನ್ನ ಕಾಲು ಎದ್ದಿತು. ಪಕ್ಕೆಗೆ ಒದ್ದೆ. ಒಳಗೇನೋ ಮುರಿದದ್ದು ಪಾದಕ್ಕೆ ತಿಳಿಯಿತು.

ಹಿಂದಿನಿಂದ ಯಾರೋ ನನ್ನ ಕೂದಲು ಹಿಡಿದು ಎಳೆದರು. ಅಜ್ಜಿ. ಅವರ ಬಾಯಿಂದ ಎಲೆಯಡಿಕೆಯ ಕೆಂಪು ಸೋರುತ್ತಿತ್ತು. "ಇಡ್ಕೊಳೋ ಒತ್ನಲ್ಲಿ ಕೈ ಇರ್ನಿಲ್ಲ, ಒದೆಯೋ ಒತ್ಗೆ ಕಾಲ್ ಬಂತೇನ್ಲಾ ಬೇವರ್ಸಿ?" ಎಂದು ಕುಟ್ಟಾಣಿಯ ಕೋಲಿನಿಂದ ನನ್ನ ಮಂಡಿಗೆ ಹೊಡೆದರು. ನಾನು ಬಿದ್ದೆ. ಅದನ್ನು ನೋಡಿ ಒಬ್ಬ ನಿಲ್ಲಿಸಿದ. ಒಬ್ಬ ನಿಲ್ಲಿಸಿದ್ದಕ್ಕೆ ಇನ್ನೊಬ್ಬ ನಿಲ್ಲಿಸಿದ.

ಟೆಂಪೋ ಒಂದೇ ಸಿಕ್ಕಿದ್ದು. ಕಡಿಸಿಕೊಂಡವರನ್ನೂ ಕಡಿದವರನ್ನೂ ಅದರಲ್ಲೇ ಮಲಗಿಸಿ ಪಿರಿಯಾಪಟ್ಟಣಕ್ಕೆ, ಅಲ್ಲಿಂದ ಮೈಸೂರಿಗೆ ಸಾಗಿಸಿದೆವು. ದೊಡ್ಡಪ್ಪನ ಕೈ ಉಳಿಯುತ್ತದೋ ಕತ್ತರಿಸಬೇಕೋ ಎಂದು ಡಾಕ್ಟರು ನಾಲ್ಕು ದಿನ ಹೇಳಲಿಲ್ಲ. ಐದನೆಯ ದಿನ, ಉಳಿಯುತ್ತದೆ, ಮೂರು ಬೆರಳು ಮಡಿಸಲಾಗುವುದಿಲ್ಲ ಎಂದರು. ನಾನು ಎಳನೀರು ತೆಗೆದುಕೊಂಡು ಹೋದೆ. ನೆಂಟರು ಯಾರೂ ಇಲ್ಲದ ಹೊತ್ತು ನೋಡಿ ದೊಡ್ಡಪ್ಪ ಕೇಳಿದರು:

"ಯಾಕ್ಲಾ ಬುಟ್ಟೆ?"

ಚಿಕ್ಕಪ್ಪನಿಗೆ ಮೂರು ಪಕ್ಕೆಲುಬು ಮುರಿದಿತ್ತು. ಆಸ್ಪತ್ರೆಯಿಂದ ನೇರ ಜೈಲಿಗೆ ಹೋದರು, ತಿಂಗಳುಗಟ್ಟಲೆ ಇದ್ದು ಜಾಮೀನಿನ ಮೇಲೆ ಬಂದರು. ಮಾತು ನಿಂತುಹೋಗಿತ್ತು. ಯಾರಾದರೂ ಹತ್ತಿರ ಬಂದರೆ ಎಡತೋಳನ್ನು ಮೈಗೆ ಒತ್ತಿಕೊಳ್ಳುತ್ತಿದ್ದರು. ಭಾವ ಮತ್ತೆ ನಮ್ಮೂರಿನಲ್ಲಿ ರಾತ್ರಿ ಉಳಿಯಲಿಲ್ಲ. ಚಿಕ್ಕಪ್ಪನಿಗೆ ಶಿಕ್ಷೆಯಾದರೆ ಏಳೆಂಟು ವರ್ಷ ಎಂದು ವಕೀಲರು ಹೇಳಿದ್ದರು. ಚಿಕ್ಕಮ್ಮ ರಾಜಿ ಕೇಳಲು ದೊಡ್ಡಪ್ಪನ ಮನೆಯ ಬಾಗಿಲಿಗೆ ಎರಡು ಸಲ ಹೋದರು. ಎರಡು ಸಲವೂ ಹಿರಿಮಗ ಬಾಗಿಲು ತೆಗೆಯಲಿಲ್ಲ.

ಎರಡು ವರ್ಷವಾದ ಮೇಲೆ ಹುಣಸೂರಿನ ಕೋರ್ಟಿನಲ್ಲಿ ಸಾಕ್ಷಿ ಕರೆದರು. ನನ್ನನ್ನು ಮೊದಲು ಕರೆದರು. ಹೊಲದಲ್ಲಿದ್ದೆ, ಏನೂ ನೋಡಲಿಲ್ಲ ಎಂದೆ. ಪೊಲೀಸರಿಗೂ ಊರೆಲ್ಲ ಅಂಥದ್ದನ್ನೇ ಹೇಳಿತ್ತು; ಇದ್ದೆವು ಎಂದರೆ ಚಿಕ್ಕಪ್ಪನ ಪಕ್ಕೆಲುಬು ಮುರಿದವರು ಯಾರೆಂದೂ ಹೇಳಬೇಕಿತ್ತು. ಚಿಕ್ಕಪ್ಪ ಕಟಕಟೆಯಿಂದ ನನ್ನನ್ನೇ ನೋಡುತ್ತಿದ್ದರು.

ಆಮೇಲೆ ದೊಡ್ಡಪ್ಪ ಬಂದರು. ನಿಮಗೆ ಹೊಡೆದವರು ಯಾರು ಎಂದು ಸರ್ಕಾರಿ ವಕೀಲರು ಕೇಳಿದರು.

"ಯಾರೂ ಒಡೀನಿಲ್ಲ ಸ್ವಾಮಿ. ಸೌದೆ ಸೀಳ್ವಾಗ ಮಚ್ಚು ಜಾರ್ತು."

"ಗಾಯ ಬಲಗೈಗಾಗಿದೆಯಲ್ರೀ? ಬಲಗೈಗೆ ಬಲಗೈಯಲ್ಲೇ ಹೊಡ್ಕೊಂಡ್ರಾ?"

"ನಾನ್ ಎಡಚ ಸ್ವಾಮಿ."

ಹಿರಿಮಗ ಎದ್ದು ಹೊರಗೆ ಹೋದ. ದೊಡ್ಡಪ್ಪ ಹೇಳಿಕೆಯ ಕೆಳಗೆ ಎಡಗೈಯಲ್ಲಿ, ಮೆಲ್ಲಗೆ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಆ ಎರಡು ವರ್ಷದಲ್ಲಿ ಕಲಿತಿದ್ದರು.

ಕೇಸು ಬಿದ್ದುಹೋಯಿತು. ಹೊರಗೆ ಬಂದಾಗ ಮಧ್ಯಾಹ್ನ ದಾಟಿತ್ತು. ದೊಡ್ಡಪ್ಪ ಯಾರ ಮುಖವನ್ನೂ ನೋಡದೆ "ನಡಿ, ಬಸ್ಸು ಒಂಟೋಯ್ತದೆ" ಎಂದರು. ಚಿಕ್ಕಪ್ಪ ಅವರ ಹಿಂದೆ ನಡೆದರು. ಇಬ್ಬರೂ ಪಿರಿಯಾಪಟ್ಟಣದ ಬಸ್ಸು ಹತ್ತಿ ಹಿಂದೆ ಮುಂದೆ ಸೀಟಿನಲ್ಲಿ ಕೂತರು. ನಾನು ಹತ್ತುವಷ್ಟರಲ್ಲಿ ಬಸ್ಸು ತುಂಬಿ, ಚಿಕ್ಕಪ್ಪನ ಪಕ್ಕದ ಸೀಟೊಂದೇ ಖಾಲಿ ಇತ್ತು. ಹತ್ತಿರ ಹೋದೆ. ಅವರು ತೊಡೆಯ ಮೇಲಿದ್ದ ಕೈಚೀಲವನ್ನು ಎತ್ತಿ ಆ ಸೀಟಿನ ಮೇಲಿಟ್ಟು ಕಿಟಕಿಯ ಕಡೆ ತಿರುಗಿದರು. ಪಿರಿಯಾಪಟ್ಟಣದವರೆಗೂ ನಾನು ನಿಂತೇ ಬಂದೆ.