ಅರ್ಧ ತಾಸಿಗೆ ಒಂದು ಗೇಣು

ಮೊನ್ನೆ ರೋಣದ ಬಟ್ಟೆ ಅಂಗಡಿಯಲ್ಲಿ ಹೆಂಡತಿ ಒಂದು ಕೈಮಗ್ಗದ ಸೀರೆಯ ಮಡಿಕೆ ಬಿಚ್ಚಿದಳು ನೋಡಿ, ಹೊಸ ಗಂಜಿಯ ವಾಸನೆ ಮೂಗಿಗೆ ಬಡಿಯಿತು. “ಹ್ಯಾಂಗೈತ್ರಿ?” ಎಂದು ಅವಳು ಕೇಳಿದರೆ ನಾನು “ಭಾಳ ಉದ್ದ ಆತು, ವಾಪಸ್ ಕಳಸ್ತಾರ” ಎಂದೆನಂತೆ. ಅಂಗಡಿಯವನು ಬೆಪ್ಪಾದ. ನನ್ನ ಜೊತೆ ನಲವತ್ತು ವರ್ಷ ಬಾಳಿದವಳು ಮಾತ್ರ, ಈ ಮನುಷ್ಯ ಈಗ ಇಲ್ಲಿಲ್ಲ ಎಂದು ತಿಳಿದು ಸೀರೆಯನ್ನು ತಾನೇ ಆರಿಸಿಕೊಂಡಳು.

ನಾನಿದ್ದದ್ದು ಗಜೇಂದ್ರಗಡದಲ್ಲಿ, ಮಾಸ್ತರಿಕೆಯ ಮೊದಲ ವರ್ಷದಲ್ಲಿ. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಬಟ್ಟೆ ಸಾವಕಾರರ ಮನೆಯ ಮಾಳಿಗೆ ಕೋಣೆಯಲ್ಲಿ ಬಾಡಿಗೆಗಿದ್ದೆ. ಮುಂದೆ ಅಂಗಡಿ, ನಡುವೆ ಮನೆ, ಹಿಂದೆ ಮಗ್ಗದ ಕೋಣೆ. ಸಾವಕಾರರ ಹೆಂಡತಿ ಶಿವಲೀಲಕ್ಕ ರೇಡಿಯೊ ನಾಟಕ ಬರೆಯುತ್ತಿದ್ದರು. ಆಗ ನಮ್ಮ ಕಡೆ ನಾಟಕ ಅಂದರೆ ಬಣ್ಣ, ಪರದೆ, ಹಾರ್ಮೋನಿಯಂ. ಕಣ್ಣಿಗೆ ಏನೂ ಕಾಣದ ನಾಟಕವನ್ನು ಒಬ್ಬ ಹೆಣ್ಣುಮಗಳು ಬರೆಯುವುದೆಂದರೆ ಊರಿಗೆ ತಮಾಷೆ. ಯಾರೇ ಕೇಳಲಿ, ಅಕ್ಕನ ಉತ್ತರ ಒಂದೇ: “ಕರೆಂಟ್ ಹ್ವಾದಾಗ ಮನ್ಯಾಗ ಯಾರು ಸಿಟ್ಟಾಗ್ಯಾರ, ಯಾರು ಅಳಾಕತ್ತಾರ, ಧ್ವನಿ ಕೇಳೇ ತಿಳೀತೈತೋ ಇಲ್ಲೋ? ಇದೂ ಹಂಗ.”

ಅವರ ಮೊದಲ ನಾಟಕದಲ್ಲಿ ಇಬ್ಬರೇ. ಹೊಳೆಆಲೂರಿನಲ್ಲಿ ಮಲಪ್ರಭೆ ಏರಿದಾಗ ಮಾಳಿಗೆಯ ಮೇಲೆ ಒಂದೇ ಹಗ್ಗ ಹಿಡಿದು ಸಿಕ್ಕಿಕೊಂಡ ಅತ್ತೆ, ಸೊಸೆ. ವರ್ಷದಿಂದ ಮಾತು ಬಿಟ್ಟವರಿಗೆ ಈಗ ಮಾತಾಡದೆ ಗತಿಯಿಲ್ಲ. ನಾನೋ ಪದವೀಧರ. ಇದರಲ್ಲಿ ಸಾಹಿತ್ಯ ಎಲ್ಲಿದೆ ಎಂದು ಮರುಗಿ, ಸೊಸೆಯ ಬಾಯಲ್ಲಿ ಚಂದ್ರನನ್ನು ಕುರಿತು ನಾಲ್ಕು ಪುಟ ಬರೆದುಕೊಟ್ಟೆ. ಬಾಡಿಗೆದಾರನ ಮನಸ್ಸು ನೋಯಬಾರದೆಂದು ಅಕ್ಕ ಸೇರಿಸಿಕೊಂಡರು.

ನಾಟಕ ಅರ್ಧ ತಾಸಿಗೆ ಮುಗಿಯಬೇಕು ಎಂಬುದು ರೇಡಿಯೊ ಕೇಂದ್ರದ ನಿಯಮ. ಅಕ್ಕ ಓದಿ ಮುಗಿಸಿ “ಮಾಸ್ತರ, ಎಷ್ಟೊತ್ತಾತ್ರಿ?” ಎಂದರು. ನನ್ನ ಮುಂಗೈಯಲ್ಲಿ ಸೋದರಮಾವ ಕೊಟ್ಟ ಗಡಿಯಾರವಿತ್ತು. ಅದು ನಿಂತು ಎರಡು ತಿಂಗಳಾಗಿತ್ತು, ಶೋಕಿಗೆ ಕಟ್ಟುತ್ತಿದ್ದೆ. “ಬರೋಬ್ಬರಿ ಅರ್ಧ ತಾಸ್ರಿ” ಎಂದುಬಿಟ್ಟೆ. ಉದ್ದವಾಗಿದೆ, ಇಳಿಸಿ ಕಳಿಸಿ ಎಂಬ ಚೀಟಿಯೊಂದಿಗೆ ನಾಟಕ ವಾಪಸ್ ಬಂತು.

ಅಂಗಡಿಯಲ್ಲಿ ಗೋಡೆ ಗಡಿಯಾರವಿತ್ತು, ಆದರೆ ಅದು ಗಂಡನ ತಲೆಯ ಮೇಲಿತ್ತು. ಅಲ್ಲಿ ಹೋಗಿ ನಾಟಕ ಓದುವುದುಂಟೆ? ಹಿಂದಿನ ಕೋಣೆಯ ನೇಕಾರ ಕಲ್ಲಪ್ಪ ಅರ್ಧ ತಾಸಿಗೆ ಒಂದು ಗೇಣು ನೇಯುತ್ತಾನೆ, ಅವನ ಕೈ ತಪ್ಪುವುದಿಲ್ಲ ಎಂದು ಇಡೀ ಓಣಿಗೆ ಗೊತ್ತು. ಅಕ್ಕ ಒಂದಿಷ್ಟು ಕತ್ತರಿಸಿ, ಮಗ್ಗದ ಪಕ್ಕದಲ್ಲೇ ಕೂತು ಓದಿದರು. ತವರೂರು ಅಸೂಟಿಯ ಹೊಲದಲ್ಲಿ ಕೂಗಿ ಬೆಳೆದ ದನಿ. ಮಗ್ಗದ ಸದ್ದನ್ನೂ ಮೀರಿ ಕೇಳುತ್ತಿತ್ತು. ಮುಗಿದಾಗ ಅಳೆದರೆ, ನೆಯ್ದ ಬಟ್ಟೆ ಗೇಣಿಗೆ ಮೂರು ಬೆರಳು ಕಡಿಮೆ. “ಇನ್ನೂ ಜಾಗಾ ಐತಿ!” ಎಂದು ಹಿಗ್ಗಿ, ಒಂದು ದೃಶ್ಯ ಸೇರಿಸಿ ಕಳಿಸಿದರು. ಮತ್ತೆ ವಾಪಸ್. ಮೊದಲಿಗಿಂತ ಉದ್ದವಾಗಿದೆಯಂತೆ.

ಸಾವಕಾರರು ಕೆಟ್ಟವರಲ್ಲ, ಗಿರಾಕಿಗಳ ನಗೆ ತಡೆಯಲಾರದವರು. “ಇನ್ನೊಮ್ಮೆ ಕಳಸು. ಮೂರನೇ ಸಲಾನೂ ವಾಪಸ್ ಬಂದ್ರ ಬರಿಯೂದು ಬಿಡಬೇಕು” ಎಂದರು.

“ಆತ್ರಿ, ಬಿಡ್ತೀನಿ.”

ಅಕ್ಕ ಮಾತಿಗೆ ತಪ್ಪುವವರಲ್ಲ. ಸಾವಕಾರರು ಹೋದ ಮೇಲೆ ನಿಂತ ಗಡಿಯಾರದ ಸಂಗತಿಯನ್ನು ಅಕ್ಕನ ಮುಂದೆ ಒಪ್ಪಿಕೊಂಡೆ. ನಾಚಿಕೆಯಿಂದ ನೆಲ ನೋಡುತ್ತಿದ್ದವನಿಗೆ ಬೈಗುಳ ಬೀಳಲಿಲ್ಲ. “ಅದು ಮುಗೀತು ಬಿಡ್ರಿ. ಕಲ್ಲಪ್ಪನ ಗೇಣು ಯಾಕ ಸುಳ್ಳಾತು, ಅದನ್ನ ಹೇಳ್ರಿ.”

ಕಲ್ಲಪ್ಪ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಒಳಗೆ ಹೋಗಿ, ನೂಲಿನ ಗಂಟಿನಡಿ ಬಚ್ಚಿಟ್ಟಿದ್ದ ಒಂದು ಸೀರೆ ತಂದು ಹಾಸಿದ. ಮಗ್ಗ ನಿಂತು ಮತ್ತೆ ಶುರುವಾದ ಕಡೆಯೆಲ್ಲ ಬಟ್ಟೆಯಲ್ಲಿ ಅಡ್ಡಗೆರೆ ಬೀಳುತ್ತದೆ. ಆ ಸೀರೆಯ ಒಂದು ಗೇಣಿನಲ್ಲಿ ಅಂಥವು ಐದಾರು ಇದ್ದವು.

“ತಪ್ಪಾತ್ರಿ ಅಕ್ಕಾರ. ನೀವು ಓದೂ ಮುಂದ ಕೈ ನಿಂತುಬಿಡ್ತಿದ್ವು.” ಗೆರೆಗಳ ಮೇಲೆ ಬೆರಳಿಟ್ಟ. “ಇದು ಸೊಸಿ ಹಗ್ಗ ಬಿಟ್ಟಾಗ. ಇದು ಅತ್ತಿ ಆಕಿನ್ನ ಹೆಸರ ಹಿಡದು ಕರದಾಗ.”

ಆ ಗೆರೆಗಳ ನಡುವೆ ನಾಲ್ಕು ಬೆರಳು ಅಗಲದ ಬಟ್ಟೆ ಮಾತ್ರ ಒಂದು ಕೊಂಕೂ ಇಲ್ಲದೆ ಸೊಗಸಾಗಿತ್ತು. ಇಲ್ಲೇನು ಓದಿದ್ದೆ ಎಂದು ಅಕ್ಕ ಕೇಳಿದರು.

“ಅಲ್ಲೆ ಚಂದ್ರಾಮನ ಮಾತ್ರಿ. ಆವಾಗ ಕೆಲಸ ಭಾಳ ಚಲೋ ಸಾಗಿತ್ತ್ರಿ.”

ಅಕ್ಕ ಕೆಂಪು ಪೆನ್ಸಿಲ್ ತಗೊಂಡರು. ನನ್ನ ಚಂದ್ರ ಮುಳುಗಿದ. ಹೊಳೆಯ ವರ್ಣನೆ ಅವರದೇ, ತುಂಬ ಮುದ್ದಿನಿಂದ ಬರೆದದ್ದು; “ಇದು ನನಗ ಭಾಳ ಸೇರಿತ್ತು” ಎನ್ನುತ್ತಲೇ ಅದಕ್ಕೂ ಗೀಟು ಹಾಕಿದರು. ಗೆರೆ ಬಿದ್ದ ಮಾತುಗಳು ಉಳಿದವು. ನಾನು ಮೂರು ದಿನ ಮುನಿಸಿಕೊಂಡಿದ್ದು, ನಾಲ್ಕನೆಯ ದಿನ ಗಡಿಯಾರ ರಿಪೇರಿ ಮಾಡಿಸಿ ತಂದೆ. ನಾಟಕ ಅರ್ಧ ತಾಸಿಗೆ ಒಂದು ನಿಮಿಷ ಮೊದಲೇ ಮುಗಿಯಿತು.

ಆ ಸಲ ವಾಪಸ್ ಬರಲಿಲ್ಲ. ಪ್ರಸಾರದ ಸಂಜೆ ಸಾವಕಾರರು ರೇಡಿಯೊವನ್ನು ಅಂಗಡಿಯ ಕಟ್ಟೆಗೆ ತಂದಿಟ್ಟು, ಬಸ್ ಸ್ಟ್ಯಾಂಡಿಗೇ ಕೇಳಲೆಂದು ದನಿ ಏರಿಸಿದರು. ಬರೆದವರು ಎಂದು ಅಕ್ಕನ ಹೆಸರು ಬಂದಾಗ ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಇಪ್ಪತ್ತು ವರ್ಷ ಅವರು ರೇಡಿಯೊಗೆ ಬರೆದರು. ವಾಪಸ್ ಬಂದದ್ದೂ ಉಂಟು. ತಿದ್ದಿ ಮತ್ತೆ ಕಳಿಸುತ್ತಿದ್ದರು. ಯಾರೂ ಷರತ್ತು ಹಾಕಲಿಲ್ಲ.

ನಾಡಿದ್ದು ಗಜೇಂದ್ರಗಡದಲ್ಲಿ ಅವರಿಗೆ ಸನ್ಮಾನವಿದೆ, ನಾನು ಮಾತಾಡಬೇಕು. ಹನ್ನೆರಡು ಪುಟ ಬರೆದಿದ್ದೆ: ರೇಡಿಯೊ ನಾಟಕದ ಸ್ವರೂಪ, ಅದಕ್ಕೆ ಈ ಬಡವನ ಅಲ್ಪ ಕಾಣಿಕೆ, ಇತ್ಯಾದಿ. ಅಂಗಡಿಯಿಂದ ಬಂದವನೇ ಅಡುಗೆಮನೆಯಲ್ಲಿ ಕೂತು ಹೆಂಡತಿಗೆ ಓದತೊಡಗಿದೆ. ಅವಳು ತೊಗರಿಬೇಳೆ ಆರಿಸುತ್ತಿದ್ದಳು. ಸ್ವರೂಪದ ಉದ್ದಕ್ಕೂ ಕಲ್ಲುಗಳು ಬಲು ಚುರುಕಾಗಿ ಹೊರಬಿದ್ದವು. ನನ್ನ ಕಾಣಿಕೆಯ ಹೊತ್ತಿಗೆ ಅರ್ಧ ಮೊರ ಸ್ವಚ್ಛವಾಗಿತ್ತು. ಆ ಪುಟಗಳನ್ನೆಲ್ಲ ತೆಗೆದಿಟ್ಟೆ.

ಗಂಡನ ಮುಂದೆ ಅಕ್ಕ “ಆತ್ರಿ, ಬಿಡ್ತೀನಿ” ಎಂದ ಕಡೆಗೆ ಬಂದಾಗ ಅವಳ ಬೆರಳುಗಳು ಬೇಳೆಯಲ್ಲೇ ನಿಂತವು.

“ಮತ್ತ, ಬಿಟ್ಟ್ರೇನ್ರಿ?” ಎಂದಳು.

ನಾಡಿದ್ದು ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.